ನಕ್ಷತ್ರಗಳ ತೋಟ

ಮಕ್ಕಳೇ, ಜನವರಿ ತಿಂಗಳ ರಾತ್ರಿ ಊಟ ಮುಗಿಸಿ ಅಂಗಳಕ್ಕೆ ಬಂದು ಆಕಾಶವನ್ನು ನೋಡಿರಿ. ಒಂದೇ ಸಾಲಿನಲ್ಲಿ ಮೂರು ನಕ್ಷತ್ರಗಳು ಹೊಳೆಯುತ್ತಿರುತ್ತವೆ. ಅದು ಮಹಾವ್ಯಾಧನ ನಡುಪಟ್ಟಿ. ಅದರ ದಕ್ಷಿಣಕ್ಕೆ ಮಂದವಾದ ಮೂರು ಚುಕ್ಕಿಗಳು ಕತ್ತಿಯಂತೆ ತೂಗುತ್ತವೆ. ಅವುಗಳಲ್ಲಿ ನಡುವಿನದು ಮಂಜು ಕವಿದಂತೆ ಕಾಣುತ್ತದೆ. ಅದು ನೀಹಾರಿಕೆ. ಅಲ್ಲಿ ಈಗಲೂ ನಕ್ಷತ್ರಗಳು ಹುಟ್ಟುತ್ತಿವೆ. ‘ಈಗ’ ಎಂಬ ಮಾತನ್ನು ಎಚ್ಚರದಿಂದ ಬಳಸಬೇಕು. ಅದು 1300 ಜ್ಯೋತಿರ್ವರ್ಷಗಳಿಗಿಂತಲೂ ದೂರದಲ್ಲಿದೆ. ಇಂದು ನಾವು ಕಾಣುವ ಬೆಳಕು ಬಾದಾಮಿ ಚಾಲುಕ್ಯರ ಕಾಲದಲ್ಲಿ ಹೊರಟದ್ದು!

ನಕ್ಷತ್ರಗಳ ನಡುವಿನ ಜಾಗ ಪೂರ್ತಿ ಬರಿದಾಗಿಲ್ಲ. ಹೈಡ್ರೋಜನ್, ಹೀಲಿಯಂ ಮತ್ತು ನುಣ್ಣನೆಯ ಧೂಳು ಕೂಡಿದ ಮೋಡಗಳು ಅಲ್ಲಲ್ಲಿ ಹರಡಿವೆ. ಅವುಗಳ ದಟ್ಟವಾದ ಒಳಭಾಗದ ಉಷ್ಣತೆ ಸುಮಾರು ಮೈನಸ್ 260 ಡಿಗ್ರಿ ಸೆಲ್ಸಿಯಸ್. ಇಷ್ಟು ತಣ್ಣಗಿರುವುದರಿಂದ ಅನಿಲದ ಒತ್ತಡ ಕಡಿಮೆ. ಗುರುತ್ವ ಗೆಲ್ಲುತ್ತದೆ, ಮೋಡ ಒಳಕ್ಕೆ ಕುಸಿಯುತ್ತದೆ. ಸೈಕಲ್ ಪಂಪನ್ನು ಜೋರಾಗಿ ಒತ್ತಿದಾಗ ಅದು ಬಿಸಿಯಾಗುವುದಿಲ್ಲವೇ? ಹಾಗೆಯೇ ಕುಸಿದ ಅನಿಲವೂ ಬಿಸಿಯಾಗುತ್ತದೆ. ನಡುಭಾಗದ ಉಷ್ಣತೆ ಒಂದು ಕೋಟಿ ಡಿಗ್ರಿಯಷ್ಟಾದಾಗ ಹೈಡ್ರೋಜನ್ ಬೀಜಗಳು ಬೆಸೆದು ಹೀಲಿಯಂ ಆಗತೊಡಗುತ್ತವೆ. ಸೂರ್ಯನಂಥ ನಕ್ಷತ್ರ ಸ್ಥಿರವಾಗಿ ಉರಿಯುವ ಹಂತ ತಲುಪಲು ಸುಮಾರು 5 ಕೋಟಿ ವರ್ಷಗಳು ಬೇಕು.

ನೂರು ವರ್ಷ ಬದುಕುವುದೇ ಅಪರೂಪವಾದ ಮನುಷ್ಯ ಇದನ್ನು ಅರಿತದ್ದು ಹೇಗೆ? ವಿಲಿಯಂ ಹರ್ಷೆಲ್ 1789ರಲ್ಲಿ ಆಕಾಶವನ್ನು ಒಂದು ತೋಟಕ್ಕೆ ಹೋಲಿಸಿದನು. ಅಡಿಕೆ ತೋಟಕ್ಕೆ ಹೋದವನು ಒಂದೇ ದಿನದಲ್ಲಿ ಮೊಳಕೆ, ಸಸಿ, ಗೊನೆ ಬಿಟ್ಟ ಮರ, ಉರುಳಿದ ಮರ ಎಲ್ಲವನ್ನೂ ಕಾಣುತ್ತಾನೆ. ಮರದ ಕಥೆ ತಿಳಿಯಲು ಐವತ್ತು ವರ್ಷ ಕಾಯಬೇಕಾಗಿಲ್ಲ. ಖಗೋಳ ವಿಜ್ಞಾನಿಗಳೂ ಬೇರೆ ಬೇರೆ ವಯಸ್ಸಿನ ನಕ್ಷತ್ರಗಳನ್ನು ಹುಡುಕಿ ಸಾಲಾಗಿ ಜೋಡಿಸಿಕೊಂಡರು.

ಗ್ರಹಗಳ ಹುಟ್ಟೂ ಇದರೊಡನೆ ಸೇರಿದೆ. ತಿರುಗುವ ಕುರ್ಚಿಯಲ್ಲಿ ಕುಳಿತು ಚಾಚಿದ ಕೈಗಳನ್ನು ಮಡಚಿದರೆ ವೇಗ ಹೆಚ್ಚುತ್ತದೆ. ಕುಗ್ಗುವ ಮೋಡವೂ ಹೀಗೆಯೇ ವೇಗವಾಗಿ ತಿರುಗಿ, ಎಳೆಯ ನಕ್ಷತ್ರದ ಸುತ್ತ ತಟ್ಟೆಯಾಗಿ ಹರಡುತ್ತದೆ. ಇಂಥ ವಿಚಾರವನ್ನು 1755ರಲ್ಲಿ ಕಾಂಟ್, 1796ರಲ್ಲಿ ಲಾಪ್ಲಾಸ್ ಊಹಿಸಿದ್ದರು. 2014ರಲ್ಲಿ ಚಿಲಿ ದೇಶದ ಅಟಕಾಮ ಮರುಭೂಮಿಯಲ್ಲಿರುವ ‘ಆಲ್ಮಾ’ ದೂರದರ್ಶಕಗಳು ವೃಷಭ ರಾಶಿಯ ‘ಎಚ್‌ಎಲ್ ಟೌರಿ’ ಎಂಬ ನಕ್ಷತ್ರದ ತಟ್ಟೆಯನ್ನು ಸ್ಪಷ್ಟವಾಗಿ ಚಿತ್ರಿಸಿದವು. ಅದರಲ್ಲಿ ಬಳೆಗಳಂತಹ ಉಂಗುರಗಳಿದ್ದವು, ನಡುನಡುವೆ ಕಪ್ಪು ತೆರಪುಗಳಿದ್ದವು. ಬೆಳೆಯುತ್ತಿರುವ ಗ್ರಹಗಳು ಈ ತೆರಪುಗಳನ್ನು ಉಂಟುಮಾಡಿರಬಹುದು. ಆ ನಕ್ಷತ್ರಕ್ಕೆ ಇನ್ನೂ ಹತ್ತು ಲಕ್ಷ ವರ್ಷವೂ ತುಂಬಿಲ್ಲ! ಗ್ರಹಗಳು ಇಷ್ಟು ಬೇಗ ಮೂಡುತ್ತವೆಂದು ಹೆಚ್ಚಿನವರು ಎಣಿಸಿರಲಿಲ್ಲ.

ತಟ್ಟೆಯಲ್ಲಿ ಧೂಳಿನ ಕಣಗಳು ಅಂಟಿಕೊಂಡು ಹರಳುಗಳಾಗುತ್ತವೆ. ಹರಳುಗಳು ಡಿಕ್ಕಿಯಲ್ಲಿ ಒಡೆದುಹೋಗದೆ ಬೆಟ್ಟದಷ್ಟಾಗುವುದು ಹೇಗೆಂಬ ಚರ್ಚೆ ಇನ್ನೂ ಮುಗಿದಿಲ್ಲ. ಸೂರ್ಯನ ಬಳಿ ಶಾಖ ಹೆಚ್ಚಾಗಿದ್ದುದರಿಂದ ಕಲ್ಲು, ಲೋಹಗಳು ಮಾತ್ರ ಗಟ್ಟಿಯಾಗಿ ಉಳಿದು ಭೂಮಿಯಂಥ ಚಿಕ್ಕ ಗ್ರಹಗಳಾದವು. ದೂರದಲ್ಲಿ ಮಂಜುಗಡ್ಡೆಯೂ ಸೇರಿದ್ದರಿಂದ ಗುರುವಿನಂಥ ದೈತ್ಯ ಗ್ರಹಗಳು ಬೆಳೆದವು. ಗ್ರಹವಾಗದೆ ಉಳಿದ ಚೂರುಗಳು ಕೆಲವೊಮ್ಮೆ ಉಲ್ಕಾಶಿಲೆಗಳಾಗಿ ನಮ್ಮ ನೆಲಕ್ಕೆ ಬೀಳುತ್ತವೆ. ಅವುಗಳಲ್ಲಿ ಅತಿ ಹಳೆಯ ಕಣಗಳ ವಯಸ್ಸು ಸುಮಾರು 456 ಕೋಟಿ ವರ್ಷ.

ಅಭ್ಯಾಸ
1. ತಣ್ಣನೆಯ ಮೋಡವೇ ಕುಸಿಯಲು ಕಾರಣವೇನು?
2. ಆಕಾಶವನ್ನು ತೋಟಕ್ಕೆ ಹೋಲಿಸಿದ್ದು ಏಕೆ ಸರಿ?
3. ಮಹಾವ್ಯಾಧನ ಕತ್ತಿಯನ್ನು ಗುರುತಿಸಿ, ಕಂಡಂತೆ ಚಿತ್ರ ಬರೆಯಿರಿ.