ಪೇರಲ ಹಣ್ಣಿನ ಜೆಲ್ಲಿ: ಸುಗ್ಗಿಯಲ್ಲಿ ಮಾಡಿ, ವರ್ಷವಿಡೀ ಬಳಸಿ

ಮುಂಡರಗಿ ತಾಲ್ಲೂಕಿನ ಸಿಂಗಟಾಲೂರು ತುಂಗಭದ್ರೆಯ ದಂಡೆಯ ಮೇಲಿನ ಊರು. ಇಂತಹ ಊರುಗಳಲ್ಲಿ ಹಿತ್ತಲಿನಲ್ಲಾಗಲಿ ಬಾವಿಯ ಬದಿಯಲ್ಲಾಗಲಿ ನಾಲ್ಕು ಪೇರಲ ಗಿಡಗಳಿದ್ದರೆ ಚಳಿಗಾಲದಲ್ಲಿ, ನವೆಂಬರ್‌ನಿಂದ ಜನವರಿಯವರೆಗೆ, ಹಣ್ಣು ಒಮ್ಮೆಲೇ ಬರುತ್ತದೆ. ಮಾಗಿದ ಪೇರಲ ಮೂರು-ನಾಲ್ಕು ದಿನಗಳಿಗಿಂತ ಹೆಚ್ಚು ತಾಳುವುದಿಲ್ಲ. ಸಂತೆಯಲ್ಲಿ ಎಲ್ಲರ ಬುಟ್ಟಿಯಲ್ಲೂ ಅದೇ ಹಣ್ಣು ಇದ್ದಾಗ ಕೇಳಿದ ಬೆಲೆಗೆ ಕೊಟ್ಟು ಬರಬೇಕಾಗುತ್ತದೆ. ಹೀಗೆ ಮಿಕ್ಕ ಹಣ್ಣನ್ನು ಜೆಲ್ಲಿ ಮಾಡಿ ಇಟ್ಟರೆ ನಷ್ಟ ತಪ್ಪುತ್ತದೆ.

ಆದರೆ ಒಂದು ಮಾತು. ಪೇರಲದಲ್ಲಿ ‘ಸಿ’ ಜೀವಸತ್ವ ಕಿತ್ತಳೆಗಿಂತ ಹಲವು ಪಟ್ಟು ಹೆಚ್ಚು. ಕುದಿಸಿದಾಗ ಅದರಲ್ಲಿ ಒಂದು ಪಾಲು ನಾಶವಾಗುತ್ತದೆ. ಆದ್ದರಿಂದ ಮನೆಯ ಮಕ್ಕಳು ತಿಂದು ಉಳಿದ ಹಣ್ಣನ್ನು ಮಾತ್ರ ಜೆಲ್ಲಿಗೆ ಬಳಸಬೇಕು.

ಹಣ್ಣಿನ ಆಯ್ಕೆ

ಜೆಲ್ಲಿ ಹೆಪ್ಪುಗಟ್ಟಲು ಹಣ್ಣಿನ ಪೆಕ್ಟಿನ್, ಹುಳಿ ಮತ್ತು ಸಕ್ಕರೆ ಮೂರೂ ತಕ್ಕ ಪ್ರಮಾಣದಲ್ಲಿರಬೇಕು. ಬಲಿತು ಇನ್ನೂ ಗಟ್ಟಿಯಾಗಿರುವ ಕಾಯಿಯಲ್ಲಿ ಪೆಕ್ಟಿನ್ ಹೆಚ್ಚು; ಮಿತಿಮೀರಿ ಮಾಗಿದ ಹಣ್ಣಿನಲ್ಲಿ ಕಡಿಮೆ. ಮೂರು ಪಾಲು ದೋರೆಗಾಯಿ, ಪರಿಮಳಕ್ಕಾಗಿ ಒಂದು ಪಾಲು ಮಾಗಿದ ಹಣ್ಣು ಸೇರಿಸುವುದು ಉತ್ತಮ. ಹುಳು ಬಿದ್ದ, ಕೊಳೆತ ಹಣ್ಣು ಬೇಡ.

ಮಾಡುವ ವಿಧಾನ

1. ಎರಡು ಕಿಲೋ ಹಣ್ಣು ತೊಳೆದು, ಸಿಪ್ಪೆ ತೆಗೆಯದೆ ತೆಳ್ಳಗೆ ಹೆಚ್ಚಿ, ಸ್ಟೀಲ್ ಪಾತ್ರೆಯಲ್ಲಿ ಹೋಳು ಮುಳುಗುವಷ್ಟು ನೀರು ಹಾಕಿರಿ. ಕಬ್ಬಿಣ, ತಾಮ್ರ, ಹಿತ್ತಾಳೆ ಪಾತ್ರೆ ಬೇಡ.

2. ಆರು ಗ್ರಾಂ ಸಿಟ್ರಿಕ್ ಆಮ್ಲ ಅಥವಾ ಆರು ನಿಂಬೆಹಣ್ಣಿನ ರಸ ಬೆರೆಸಿ ಅರ್ಧ ಗಂಟೆ ಸಣ್ಣ ಉರಿಯಲ್ಲಿ ಬೇಯಿಸಿರಿ.

3. ತೆಳು ಬಟ್ಟೆಯಲ್ಲಿ ಕಟ್ಟಿ ತೂಗುಹಾಕಿ, ರಸ ತಾನಾಗಿ ಸೋರಲು ಬಿಡಿರಿ. ಹಿಂಡಿದರೆ ಜೆಲ್ಲಿ ಕದಡುತ್ತದೆ.

4. ರಸವನ್ನು ಅಳೆದು, ಲೀಟರಿಗೆ 750 ಗ್ರಾಂ ಸಕ್ಕರೆ ಹಾಕಿ, ಕರಗಿದ ಮೇಲೆ ದೊಡ್ಡ ಉರಿಯಲ್ಲಿ ಕುದಿಸಿರಿ. ನೊರೆ ತೆಗೆಯುತ್ತಿರಿ.

ಹದ ನೋಡುವುದು

ಹೆಚ್ಚಿನ ಜನ ಸೋಲುವುದು ಇಲ್ಲಿಯೇ. ಪಾಕವನ್ನು ಚಮಚದಲ್ಲಿ ತೆಗೆದು ಸ್ವಲ್ಪ ಆರಿಸಿ ಓರೆ ಮಾಡಿರಿ. ಹನಿಹನಿಯಾಗಿ ಬಿದ್ದರೆ ಇನ್ನೂ ಕುದಿಯಬೇಕು. ಹಾಳೆಯಂತೆ ಜಾರಿ ಬಿದ್ದರೆ ಹದ ಬಂದಿದೆ, ಕೂಡಲೇ ಇಳಿಸಿರಿ.

ಉಷ್ಣಮಾಪಕವಿದ್ದವರು ಇದನ್ನು ಗಮನಿಸಬೇಕು. ಪುಸ್ತಕಗಳಲ್ಲಿ 105 ಡಿಗ್ರಿ ಸೆಲ್ಸಿಯಸ್ ಎಂದಿರುತ್ತದೆ. ಅದು ಸಮುದ್ರಮಟ್ಟದ ಲೆಕ್ಕ. ಸಿಂಗಟಾಲೂರು ಭಾಗ ಸುಮಾರು 500 ಮೀಟರ್ ಎತ್ತರದಲ್ಲಿದ್ದು, ಇಲ್ಲಿ ನೀರು 98 ಡಿಗ್ರಿಯ ಸುಮಾರಿಗೇ ಕುದಿಯುತ್ತದೆ. ನೀರಿನ ಕುದಿಗಿಂತ 5 ಡಿಗ್ರಿ ಏರಿದರೆ, ಅಂದರೆ 103ಕ್ಕೆ, ಸಾಕು. 105ರವರೆಗೆ ಕಾದರೆ ಜೆಲ್ಲಿ ಅಂಟಂಟಾಗುತ್ತದೆ.

ತುಂಬುವುದು

ಗಾಜಿನ ಬಾಟಲಿಗಳನ್ನು ಮೊದಲೇ ನೀರಿನಲ್ಲಿಟ್ಟು 20 ನಿಮಿಷ ಕುದಿಸಿ ಒಣಗಿಸಿರಿ. ಬಿಸಿ ಬಾಟಲಿಯನ್ನು ಮರದ ಹಲಗೆಯ ಮೇಲಿಟ್ಟು ಬಿಸಿ ಜೆಲ್ಲಿ ತುಂಬಿ, ಮುಚ್ಚಳ ಬಿಗಿದು, ಹೆಪ್ಪಾಗುವವರೆಗೆ ಅಲುಗಾಡಿಸಬೇಡಿರಿ. ಹದವಾದ ಜೆಲ್ಲಿಯಲ್ಲಿ ಕರಗಿದ ಘನಾಂಶ ಶೇಕಡಾ 65ರಷ್ಟಿರುವುದರಿಂದ ಅದು ಕೆಡದೆ ಉಳಿಯುತ್ತದೆ. ಖರ್ಚು ಉಳಿಸಲು ಸಕ್ಕರೆ ಕಡಿಮೆ ಮಾಡಿದರೆ ಬೂಷ್ಟು ಹಿಡಿಯುತ್ತದೆ. ತೆರೆದ ಬಾಟಲಿಗೆ ಒದ್ದೆ ಚಮಚ ಹಾಕಬಾರದು.

ಬಟ್ಟೆಯಲ್ಲಿ ಉಳಿದ ತಿರುಳನ್ನೂ ಚೆಲ್ಲಬೇಡಿರಿ. ಜರಡಿಯಲ್ಲಿ ತಿಕ್ಕಿ ಬೀಜ ತೆಗೆದು, ಸಮತೂಕ ಸಕ್ಕರೆ ಮತ್ತು ಸ್ವಲ್ಪ ತುಪ್ಪದೊಂದಿಗೆ ತಳ ಬಿಡುವವರೆಗೆ ಕಾಯಿಸಿ, ತಟ್ಟೆಯಲ್ಲಿ ಹರಡಿ ಬರ್ಫಿಯಂತೆ ಕತ್ತರಿಸಬಹುದು.

ಒಂದು ಲೀಟರ್ ರಸದಿಂದ ಸುಮಾರು ಒಂದು ಕಿಲೋ ಜೆಲ್ಲಿ ಬರುತ್ತದೆ. ಸಕ್ಕರೆ, ಉರುವಲು, ಬಾಟಲಿಯ ವೆಚ್ಚ ಲೆಕ್ಕ ಹಾಕಿ, ಮೊದಲು ಮನೆಯಷ್ಟಕ್ಕೆ ಮಾಡಿ ಕೈ ಪಳಗಿಸಿಕೊಳ್ಳಿರಿ. ಮಾರುವುದಾದರೆ ಆಹಾರ ಸುರಕ್ಷತಾ ಕಾಯಿದೆಯಂತೆ ನೋಂದಣಿ ಕಡ್ಡಾಯ. ಹೆಚ್ಚಿನ ಮಾಹಿತಿಗೆ ಹುಲಕೋಟಿಯ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಬಹುದು.