ಹೊಸಪೇಟೆಯ ಮಹಡಿಗೆ ಶಿರಸಿಯ ಗಿಡ

ಪ್ರಶ್ನೆ: ನನ್ನ ತವರು ಶಿರಸಿ, ಮದುವೆಯಾಗಿ ಬಂದದ್ದು ಹೊಸಪೇಟೆಗೆ. ತವರಿಗೆ ಹೋದಾಗಲೆಲ್ಲ ಆಂಥೂರಿಯಂ, ಕ್ರೋಟನ್ ತಂದು ಮಹಡಿ ಮೇಲೆ ಕುಂಡದಲ್ಲಿ ನೆಡುತ್ತೇನೆ. ಎಲೆಯ ತುದಿ ಸುಟ್ಟಂತಾಗಿ, ಬೇಸಿಗೆ ಹೊತ್ತಿಗೆ ಗಿಡವೇ ಹೋಗುತ್ತದೆ. ದಿನಕ್ಕೆರಡು ಸಲ ಬೋರ್ ನೀರು ಹಾಕಿದರೂ ಅಷ್ಟೇ. "ಇಕಿ ಕೈಗುಣಾನ ಹಂಗ" ಎನ್ನುತ್ತಾರೆ ಅತ್ತೆ. ನನಗೂ ಹಾಗೇ ಅನಿಸತೊಡಗಿದೆ. ಮನೆಯಲ್ಲಿ ಎರಡು ವರ್ಷದ ಮಗುವಿದೆ. ಯಾವ ಗಿಡ ಬೆಳೆಸಲಿ?

ಉತ್ತರ: ತಂಗಿ, ಕೈಗುಣದ ಮಾತು ಆಮೇಲೆ. ಮೊದಲು ಕುಂಡದ ಅಂಚು ನೋಡಿ. ಬಿಳಿ ಪೊರೆ ಕಟ್ಟಿದ್ದರೆ ಅದು ಬೋರ್ ನೀರಿನ ಉಪ್ಪು. ನೀರು ಆರಿಹೋಗುತ್ತದೆ, ಉಪ್ಪು ಮಣ್ಣಲ್ಲೇ ಉಳಿಯುತ್ತದೆ. ಅಕ್ಕರೆಯಿಂದ ದಿನಕ್ಕೆರಡು ಸಲ ಹಾಕಿದಷ್ಟೂ ಉಪ್ಪು ಹೆಚ್ಚು. ಮಲೆನಾಡಿನ ಮಳೆಯಲ್ಲಿ ಬೆಳೆದ ಆಂಥೂರಿಯಂ ಇದನ್ನು ತಾಳದು. ನಳದಲ್ಲಿ ಹೊಳೆ ನೀರು ಬಂದ ದಿನ ಹಿಡಿದಿಟ್ಟು ಅದನ್ನೇ ಹಾಕಿ, ಅದೂ ಮೇಲ್ಮಣ್ಣು ಬೆರಳಿಗೆ ಒಣಗಿದಂತೆ ತಾಗಿದರೆ ಮಾತ್ರ. ತಿಂಗಳಿಗೊಮ್ಮೆ ತಳದ ತೂತಿನಿಂದ ಧಾರೆಯಾಗಿ ಹರಿಯುವಷ್ಟು ಸುರಿದರೆ ಉಪ್ಪು ತೊಳೆದುಹೋಗುತ್ತದೆ. ಆರ್‌ಒ ಫಿಲ್ಟರ್ ಹೊರಬಿಡುವ ನೀರನ್ನು ಪೋಲು ಮಾಡಬಾರದೆಂದು ಗಿಡಕ್ಕೆ ಹಾಕುವವರಿದ್ದಾರೆ. ಯಂತ್ರ ಸೋಸಿ ತೆಗೆದ ಉಪ್ಪೆಲ್ಲ ಅದರಲ್ಲೇ ಇರುತ್ತದೆ! ಅದು ನೆಲ ಒರೆಸಲಿಕ್ಕಿರಲಿ.

ಕುಂಡಕ್ಕೆ ಹೊಲದ ಎರೆಮಣ್ಣು ತುಂಬಿದ್ದೀರೋ ಏನೋ. ಅದು ನೆನೆದರೆ ಅಂಟು, ಒಣಗಿದರೆ ಬಿರುಕು. ಬೇರಿಗೆ ಉಸಿರಾಡಲು ಜಾಗವಿಲ್ಲ. ಸಂಡೂರು ಕಡೆಯ ಕೆಂಪು ಮಣ್ಣು ಎರಡು ಪಾಲು, ಹಳೆಯ ಕೊಟ್ಟಿಗೆ ಗೊಬ್ಬರ ಒಂದು ಪಾಲು, ಭತ್ತದ ಹೊಟ್ಟು ಒಂದು ಪಾಲು ಬೆರೆಸಿ. ಹೊಟ್ಟಿಗೇನು ಬರ, ಕಂಪ್ಲಿ ಭತ್ತದ ಸೀಮೆ. ಅದಿರಿನ ಲಾರಿ ಓಡಾಡುವ ರಸ್ತೆಯಲ್ಲಿ ಮನೆಯಿದ್ದರೆ ವಾರಕ್ಕೊಮ್ಮೆ ಎಲೆಯ ಕೆಂಧೂಳನ್ನೂ ತೊಳೆಯಿರಿ.

ಬಿಸಿಲನ್ನಷ್ಟೇ ಬೈಯಬೇಡಿ. 1443ರಲ್ಲಿ ವಿಜಯನಗರಕ್ಕೆ ಬಂದ ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್, ಊರ ತುಂಬ ಗುಲಾಬಿ ಮಾರುವುದನ್ನು ಕಂಡು, ಇಲ್ಲಿನವರಿಗೆ ಊಟದಷ್ಟೇ ಗುಲಾಬಿಯೂ ಬೇಕು ಎಂದು ಬರೆದಿಟ್ಟಿದ್ದಾನೆ. ಆಗಲೂ ಹಂಪಿಯ ಬಂಡೆಗಳು ಹೀಗೇ ಕಾಯುತ್ತಿದ್ದವು. ಆದರೆ ನೆಲದಲ್ಲಿರುವ ಗಿಡ ಬೇರನ್ನು ತಂಪಿಗೆ ಇಳಿಸಬಲ್ಲದು. ನಿಮ್ಮ ಕುಂಡದ ಗಿಡದ ಬೇರು ಕಾದ ಸಿಮೆಂಟಿನ ಮೇಲೆ ಬೇಯುತ್ತದೆ. ಕುಂಡಗಳನ್ನು ಇಟ್ಟಿಗೆಯ ಮೇಲೆ ಒತ್ತೊತ್ತಾಗಿ ಇಟ್ಟು, ಮಾರ್ಚಿನಿಂದ ಹಸಿರು ಪರದೆ ಕಟ್ಟಿ.

ಮಹಡಿಗೆ ನನ್ನ ಆಯ್ಕೆ ಕಾಗದದ ಹೂ. ಬಣ್ಣದ ಆ ಪಕಳೆಗಳು ನಿಜಕ್ಕೂ ಎಲೆಗಳು. ಹೂವೆಂದರೆ ನಡುವಿನ ಪುಟ್ಟ ಬಿಳಿಯದು. ನೀರು ಹೆಚ್ಚಾದರೆ ಬರೀ ಸೊಪ್ಪು, ತುಸು ಒಣಗಿಸಿದರೆ ಬಣ್ಣ. ಉಪಚಾರ ಅತಿಯಾಗುವ ನಿಮ್ಮಂಥವರಿಗೆ ಒಳ್ಳೆಯ ಪಾಠಶಾಲೆ. ಮುಳ್ಳಿದೆ, ಮಗುವಿಗೆ ಎಟುಕದಂತಿಡಿ. ದಾಸವಾಳವೂ ಬರುತ್ತದೆ. ಕಣಗಿಲೆ ಈ ಬಿಸಿಲಿಗೆ ಎಷ್ಟೇ ಒಗ್ಗಿದರೂ ಸದ್ಯ ಬೇಡ, ಅದರ ಎಲೆ, ಹೂ, ಕಡ್ಡಿ ಎಲ್ಲವೂ ವಿಷ. ಅಡೇನಿಯಂ ಕೂಡ ಹಾಗೇ. ಕ್ರೋಟನ್ ಹಾಲು, ಆಂಥೂರಿಯಂ ಎಲೆ ಮಗುವಿನ ಬಾಯಿಗೆ ಹೋಗಬಾರದು.

ಅತ್ತೆಯವರ ಮಾತಿಗೆ ಉತ್ತರ ಕೊಡಲು ಹೋಗಬೇಡಿ. ದುಂಡುಮಲ್ಲಿಗೆ ಯಾವಾಗ ಕತ್ತರಿಸಬೇಕೆಂದು ಅವರನ್ನೇ ಕೇಳಿ. ಈ ನೆಲದ ಬಿಸಿಲು ಅವರಿಗೆ ಗೊತ್ತು. ಆಂಥೂರಿಯಂ ಆಸೆಯನ್ನೂ ಬಿಡಬೇಕಿಲ್ಲ. ಮಳೆ ಹಿಡಿದ ಮೇಲೆ ಒಂದೇ ಒಂದು ತನ್ನಿ, ಮನೆಯೊಳಗೆ ಬೆಳಕು ಬರುವ, ಬಿಸಿಲು ಬೀಳದ ಕಿಟಕಿಯ ಬಳಿ ಎತ್ತರದಲ್ಲಿಡಿ.