ಚೀಲ ಕೊಟ್ಟೆವು, ಕಾಗದ ಕೊಡಲಿಲ್ಲ: ಜೋಪಡಿ ಮಕ್ಕಳ ಜೊತೆ ಕಲಿತ ಎಂಟು ಪಾಠಗಳು

2009ರ ಜೂನ್ ತಿಂಗಳು. ಬೆಂಗಳೂರಿನ ಪೂರ್ವದ ಅಂಚಿನಲ್ಲಿ, ಎರಡು ಅಪಾರ್ಟ್‌ಮೆಂಟುಗಳ ನಡುವಿನ ಖಾಲಿ ಜಾಗದಲ್ಲಿ ನೀಲಿ ಟಾರ್ಪಾಲಿನ ಎಪ್ಪತ್ತು ಜೋಪಡಿಗಳಿದ್ದವು. ನಾವು ನಾಲ್ವರು ಗೆಳತಿಯರು ದುಡ್ಡು ಕೂಡಿಸಿ ನಲವತ್ತು ಶಾಲಾ ಚೀಲ ಹೊತ್ತುಕೊಂಡು ಅಲ್ಲಿಗೆ ಹೋದೆವು. ಮಕ್ಕಳು ಓಡಿ ಬಂದರು, ಅರ್ಧ ಗಂಟೆಯಲ್ಲಿ ಚೀಲಗಳೆಲ್ಲ ಖಾಲಿಯಾದವು. ತುಂಬಿದ ಮನಸ್ಸಿನಿಂದ ಮನೆಗೆ ಮರಳಿದೆವು.

ಹದಿನೈದು ದಿನ ಬಿಟ್ಟು ಮತ್ತೆ ಹೋದಾಗ ಒಂದು ಚೀಲದಲ್ಲಿ ಈರುಳ್ಳಿ ಇತ್ತು, ಇನ್ನೊಂದರಲ್ಲಿ ಗಾರೆ ಕೆಲಸದ ಕರಣೆ. ಒಬ್ಬ ಹುಡುಗಿ ಮಾತ್ರ ಚೀಲ ಬೆನ್ನಿಗೇರಿಸಿಕೊಂಡು ಜೋಪಡಿಯ ಮುಂದೆ ಕೂತಿದ್ದಳು. ಅವಳಿಗೆ ಒಂಬತ್ತು ವರ್ಷ. ತೊಡೆಯ ಮೇಲೆ ಒಂದೂವರೆ ವರ್ಷದ ತಂಗಿ. ಶಾಲೆಗೆ ಯಾಕೆ ಹೋಗಲಿಲ್ಲ ಎಂದು ಕೇಳಿದೆ. ರಾಯಚೂರು ಸೀಮೆಯ ಮಾತಿನಲ್ಲಿ, ನನಗೆ ಇಷ್ಟೂ ಗೊತ್ತಿಲ್ಲವಲ್ಲ ಎಂಬ ಆಶ್ಚರ್ಯದಿಂದ ಕೇಳಿದಳು: "ಇಕೀನ ಯಾರ್ ನೋಡ್ಕೋತಾರ್ರೀ ಅಕ್ಕಾರ?"

ಆ ಪ್ರಶ್ನೆಯೇ ನನ್ನನ್ನು ಇಷ್ಟು ವರ್ಷ ಈ ಕೆಲಸದಲ್ಲಿ ಹಿಡಿದಿಟ್ಟಿದೆ. ನಮ್ಮ ಪುಟ್ಟ ಕೇಂದ್ರಕ್ಕೆ ಪ್ರತಿ ಜೂನ್‌ನಲ್ಲಿ ಹೊಸ ಸ್ವಯಂಸೇವಕರು ಸೇರುತ್ತಾರೆ. ಮೊದಲ ದಿನ ಅವರನ್ನು ಕೂರಿಸಿಕೊಂಡು ಹೇಳುವ ಮಾತುಗಳನ್ನೇ ಇಲ್ಲಿ ಬರೆದಿದ್ದೇನೆ.

1. ಮೊದಲ ತಿಂಗಳು ಬರಿಗೈಯಲ್ಲಿ ಹೋಗಿ

ಏನು ಬೇಕೆಂದು ತಿಳಿಯುವ ಮೊದಲೇ ಕೊಂಡು ಹೋಗುವುದು ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗೆ. ಕೈಯಲ್ಲಿ ಏನಾದರೂ ಇದ್ದರೆ ಜನ ಕೈಯನ್ನೇ ನೋಡುತ್ತಾರೆ, ಮಾತು ಹುಟ್ಟುವುದಿಲ್ಲ. ಬರಿಗೈಯಲ್ಲಿ ಹೋಗಿ ಕೂತರೆ ನಾಲ್ಕನೇ ದಿನಕ್ಕೆ ಯಾರಾದರೂ ಚಹಾ ಕೊಡುತ್ತಾರೆ. ಕೆಲಸ ಶುರುವಾಗುವುದು ಆ ಚಹಾದಿಂದ.

ನೀರಿನ ಟ್ಯಾಂಕರ್ ಎಷ್ಟು ಹೊತ್ತಿಗೆ ಬರುತ್ತದೆ, ಬಟವಾಡೆ ಯಾವ ದಿನ, ಮೇಸ್ತ್ರಿ ಯಾರು, ಊರಲ್ಲಿ ಮುಂಗಡ ಎಷ್ಟು ಪಡೆದು ಬಂದಿದ್ದಾರೆ, ಜಾಗದ ಬಾಡಿಗೆ ಯಾರಿಗೆ ಕೊಡುತ್ತಾರೆ ಎಂಬುದನ್ನೆಲ್ಲ ಮೊದಲು ತಿಳಿದುಕೊಳ್ಳಿ. ಕೊನೆಯ ಪ್ರಶ್ನೆ ಬಹಳ ಮುಖ್ಯ. 1973ರ ಕರ್ನಾಟಕ ಕೊಳಚೆ ಪ್ರದೇಶ ಕಾಯ್ದೆಯಡಿ ಘೋಷಣೆಯಾದ ಕೊಳೆಗೇರಿಗೆ ಸರ್ಕಾರದ ಪಟ್ಟಿಯಲ್ಲಿ ಒಂದು ಹೆಸರಿರುತ್ತದೆ. ಆ ಹೆಸರು ಹಿಡಿದು ನಲ್ಲಿ, ಚರಂಡಿ, ಮನೆ ಕೇಳಬಹುದು. ಖಾಸಗಿ ಜಾಗಕ್ಕೆ ಬಾಡಿಗೆ ಕಟ್ಟಿ ಟಾರ್ಪಾಲ್ ಹಾಕಿಕೊಂಡವರ ನೆಲೆ ಸಾಮಾನ್ಯವಾಗಿ ಯಾವ ಪಟ್ಟಿಯಲ್ಲೂ ಇರುವುದಿಲ್ಲ. ಎರಡೂ ನೋಡಲು ಒಂದೇ ಥರ ಕಂಡರೂ ನೀವು ಮಾಡಬೇಕಾದ ಕೆಲಸ ಬೇರೆ ಬೇರೆ.

2. ಶಾಲೆ ಬಿಟ್ಟ ಹುಡುಗಿಯ ಕಂಕುಳಲ್ಲಿ ಒಂದು ಕೂಸಿರುತ್ತದೆ

ಆ ಹುಡುಗಿಯ ತಂಗಿಯನ್ನು ಅಂಗನವಾಡಿಗೆ ಬಿಡೋಣ ಎಂದುಕೊಂಡೆವು. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಅಂಗನವಾಡಿಗಳನ್ನು ನಡೆಸುವ ಸಮಗ್ರ ಶಿಶು ಅಭಿವೃದ್ಧಿ ಯೋಜನೆ (ಐಸಿಡಿಎಸ್) ಶುರುವಾದಾಗ ನಮ್ಮ ತಿ. ನರಸೀಪುರವೂ ಅದರಲ್ಲಿತ್ತು. ಅಷ್ಟು ಹಳೆಯ, ಅಷ್ಟು ದೊಡ್ಡ ವ್ಯವಸ್ಥೆ ಅದು. ಆದರೆ ಅಂಗನವಾಡಿಯಲ್ಲಿ ದಿನವಿಡೀ ಕೂರುವುದು ಮೂರರಿಂದ ಆರು ವರ್ಷದ ಮಕ್ಕಳು. ಒಂದೂವರೆ ವರ್ಷದ ಕೂಸಿಗೆ ಸಿಗುವುದು ಮನೆಗೆ ಕೊಡುವ ಆಹಾರ, ನೋಡಿಕೊಳ್ಳುವವರಲ್ಲ. ಸಂಜೆ ನಾಲ್ಕಕ್ಕೆ ಬಾಗಿಲು ಹಾಕುತ್ತಾರೆ, ತಾಯಿ ಕೆಲಸ ಮುಗಿಸಿ ಬರುವುದು ಆರೂವರೆಗೆ.

ಕಟ್ಟಡ ಕಾರ್ಮಿಕರ 1996ರ ಕಾಯ್ದೆ ಐವತ್ತಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಡೆ ಆರು ವರ್ಷದೊಳಗಿನ ಮಕ್ಕಳಿಗೆ ಕೋಣೆ ಇರಬೇಕು ಎನ್ನುತ್ತಿತ್ತು. ನಾನು ಕಂಡ ಕಟ್ಟಡಗಳಲ್ಲಿ ಹೆಂಗಸರು ಒಬ್ಬೊಬ್ಬ ಗುತ್ತಿಗೆದಾರನ ಕೆಳಗೆ ಹತ್ತು ಹದಿನೈದು ಮಂದಿಯಂತೆ ಹಂಚಿಹೋಗಿದ್ದರು. ಹಾಗಾಗಿ ಯಾರ ಲೆಕ್ಕದಲ್ಲೂ ಐವತ್ತು ತುಂಬುತ್ತಿರಲಿಲ್ಲ.

ಆಗ ನಾವೇ ಒಂದು ಶೀಟಿನ ಕೋಣೆ ಬಾಡಿಗೆಗೆ ಹಿಡಿದು, ಜಂತೆಗೆ ಹಳೆ ಸೀರೆಯ ಜೋಲಿ ಕಟ್ಟಿದೆವು. ಅದೇ ಜೋಪಡಿಗಳ ಇಬ್ಬರು ಹೆಂಗಸರಿಗೆ ಸಂಬಳ ಗೊತ್ತುಮಾಡಿ ಬೆಳಿಗ್ಗೆ ಎಂಟರಿಂದ ಸಂಜೆ ಏಳರವರೆಗೆ ಕೂಸುಗಳನ್ನು ನೋಡಿಕೊಳ್ಳಲು ಕೇಳಿದೆವು. ಆ ತಿಂಗಳು ಹನ್ನೊಂದು ಮಂದಿ ಅಕ್ಕಂದಿರು ಶಾಲೆಯ ಮೆಟ್ಟಿಲು ಹತ್ತಿದರು. ನಲವತ್ತು ಚೀಲದಿಂದ ಆಗದ ಕೆಲಸ ಆರು ಜೋಲಿಯಿಂದ ಆಯಿತು.

ಮಗು ಶಾಲೆಗೆ ಬರದಿದ್ದರೆ "ಓದಿನಲ್ಲಿ ಆಸಕ್ತಿ ಇಲ್ಲ" ಎಂದು ಬರೆಯಬೇಡಿ. ಅದರ ದಿನವನ್ನು ಬೆಳಗಿನಿಂದ ಸಂಜೆವರೆಗೆ ಒಮ್ಮೆ ಜೊತೆಗಿದ್ದು ನೋಡಿ. ಕಾರಣ ಕಣ್ಣೆದುರೇ ಇರುತ್ತದೆ.

3. ಕಾಗದ ಇಲ್ಲದಿರುವುದು ಮಗುವಿನ ತಪ್ಪಲ್ಲ

"ಜನನ ಪ್ರಮಾಣಪತ್ರ ತನ್ನಿ, ಆಮೇಲೆ ನೋಡೋಣ." ಈ ಮಾತು ಕೇಳಿ ಶಾಲೆಯ ಗೇಟಿನಿಂದ ಹಿಂದಿರುಗಿದ ತಾಯಂದಿರು ಎಷ್ಟು ಮಂದಿಯೋ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ 14ನೇ ಸೆಕ್ಷನ್ ನೇರವಾಗಿ ಹೇಳುತ್ತದೆ: ವಯಸ್ಸಿನ ದಾಖಲೆ ಇಲ್ಲವೆಂಬ ಕಾರಣಕ್ಕೆ ಯಾವ ಮಗುವಿಗೂ ಪ್ರವೇಶ ನಿರಾಕರಿಸುವಂತಿಲ್ಲ. 4ನೇ ಸೆಕ್ಷನ್ ಪ್ರಕಾರ ಶಾಲೆಯನ್ನೇ ಕಾಣದ ಹತ್ತು ವರ್ಷದ ಮಗುವನ್ನು ಅದರ ವಯಸ್ಸಿನ ತರಗತಿಗೇ ಸೇರಿಸಿಕೊಂಡು ವಿಶೇಷ ತರಬೇತಿ ಕೊಡಬೇಕು. ಈ ಎರಡನ್ನೂ ಒಂದೇ ಹಾಳೆಯಲ್ಲಿ ಕನ್ನಡದಲ್ಲಿ ಬರೆಸಿ ಹತ್ತು ಪ್ರತಿ ಮಾಡಿಸಿಟ್ಟುಕೊಳ್ಳಿ. ಜಗಳ ಬೇಡ. ಹಾಳೆಯನ್ನು ಮುಖ್ಯ ಶಿಕ್ಷಕರ ಮೇಜಿನ ಮೇಲಿಟ್ಟು ಸುಮ್ಮನೆ ಕೂತರೆ ಸಾಕು. ಎಷ್ಟೋ ಶಿಕ್ಷಕರು ಮನಸ್ಸಿದ್ದೂ ನಿಯಮಕ್ಕೆ ಹೆದರಿರುತ್ತಾರೆ. ಆ ಹಾಳೆ ಅವರಿಗೂ ಧೈರ್ಯ ಕೊಡುತ್ತದೆ.

ಮಾತಾಡಬೇಕಾದವರು ನೀವಲ್ಲ, ತಾಯಿ. ನೀವು ಪಕ್ಕದ ಬೆಂಚಿನಲ್ಲಿ ಕೂರಬೇಕು. ಮೊದಲ ಸಲ ಆಕೆಯ ದನಿ ನಡುಗುತ್ತದೆ. ಎರಡನೇ ಸಲ "ಆಧಾರ್ ಆಮ್ಯಾಲ ತರ್ತೀನ್ರೀ, ಮೊದಲ ಹೆಸರು ಬರಕೊಳ್ರೀ" ಎನ್ನುತ್ತಾಳೆ. ಮೂರನೇ ಸಲ ಪಕ್ಕದ ಜೋಪಡಿಯ ಮಗುವನ್ನು ತಾನೇ ಕರೆದುಕೊಂಡು ಹೋಗುತ್ತಾಳೆ.

ಹಾಗೆಂದು ಜನನ ಪ್ರಮಾಣಪತ್ರ ಬೇಡವೆಂದಲ್ಲ. ಕಾನೂನಿನ ಪ್ರಕಾರ ಹುಟ್ಟಿದ 21 ದಿನದೊಳಗೆ ನೋಂದಣಿ ಆಗಬೇಕು. ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶದವರೆಗೂ ಅಲೆಯಬೇಕಾಗುತ್ತದೆ. ಆದ್ದರಿಂದ ಬಸುರಿಯರ ಪಟ್ಟಿ ನಿಮ್ಮ ಕೈಯಲ್ಲಿರಲಿ. ಹೆರಿಗೆಯಾದ ವಾರದಲ್ಲೇ ಮಗುವಿನ ದಾಖಲೆಯ ಬೆನ್ನು ಹತ್ತಿ.

4. ಅಳತೆಪಟ್ಟಿ ಸುಳ್ಳು ಹೇಳುವುದಿಲ್ಲ

ನನ್ನ ಚೀಲದಲ್ಲಿ ಸದಾ ಒಂದು ಕಾಗದದ ಪಟ್ಟಿ ಇರುತ್ತದೆ. ಹಸಿರು, ಹಳದಿ, ಕೆಂಪು ಬಣ್ಣದ್ದು. ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿನ ಎಡ ರಟ್ಟೆಯ ನಡುಭಾಗಕ್ಕೆ ಸುತ್ತಿದಾಗ 11.5 ಸೆಂಟಿಮೀಟರಿಗಿಂತ ಕಡಿಮೆ ಬಂದರೆ ಅದು ತೀವ್ರ ಅಪೌಷ್ಟಿಕತೆ. ಒಮ್ಮೆ ಎರಡು ವರ್ಷದ ಹುಡುಗನ ರಟ್ಟೆಗೆ ಸುತ್ತಿದೆ. ತಾಯಿ ಹೊಸ ಅಂಗಿ ತೊಡಿಸಿ, ಹಣೆಗೆ ಕಾಡಿಗೆ ಬೊಟ್ಟಿಟ್ಟು ಕರೆತಂದಿದ್ದಳು. ಕಣ್ಣಿಗೆ ಸಣಕಲು ಹುಡುಗ, ಅಷ್ಟೇ. ಪಟ್ಟಿ ಕೆಂಪಿಗೆ ಬಂದು ನಿಂತಿತು. ಅಕ್ಷರ ಬಾರದ ತಾಯಿಗೂ ಆ ಬಣ್ಣ ಅರ್ಥವಾಯಿತು. ಅವಳ ಕೈ ತಾನಾಗಿ ಮಗುವಿನ ತಲೆಯ ಮೇಲೆ ಹೋಯಿತು.

ಅವಳು ಉಣಿಸದೆ ಬಿಟ್ಟವಳಲ್ಲ. ಬೆಳಿಗ್ಗೆ ಏಳಕ್ಕೆ ಹೊರಟರೆ ಸಂಜೆಯವರೆಗೆ ಮಗುವಿಗೆ ಸಿಗುತ್ತಿದ್ದದ್ದು ಚಹಾ, ಬಿಸ್ಕತ್ತು, ಐದು ರೂಪಾಯಿಯ ಕುರುಕಲು ಪೊಟ್ಟಣ. ಪುಟ್ಟ ಹೊಟ್ಟೆಗೆ ದಿನಕ್ಕೆ ಐದಾರು ಸಲ ಸ್ವಲ್ಪ ಸ್ವಲ್ಪ ಬೇಕು. ಹತ್ತಿರ ಯಾರಾದರೂ ಇದ್ದರೆ ತಾನೆ ಅದು ಆಗುವುದು?

ಪೌಷ್ಟಿಕ ಪುನಶ್ಚೇತನ ಕೇಂದ್ರದಲ್ಲಿ ಸುಮಾರು 14 ದಿನ ಇರಬೇಕು ಎಂದರು. ಚಿಕಿತ್ಸೆ ಉಚಿತ. ಕೂಲಿ ತಪ್ಪುವ ತಾಯಿಗೆ ಪರಿಹಾರದ ಹಣವೂ ಉಂಟು. ಆದರೂ ಅವಳು ಹೊರಡಲಿಲ್ಲ, ಏಕೆಂದರೆ ಮನೆಯಲ್ಲಿ ಇನ್ನಿಬ್ಬರು ಮಕ್ಕಳಿದ್ದರು. ಆ ಎರಡು ವಾರ ಅವರಿಬ್ಬರೂ ನಮ್ಮ ಜೋಲಿಯ ಕೋಣೆಯಲ್ಲಿ ಉಂಡರು, ಅಜ್ಜಿಯನ್ನು ಊರಿನಿಂದ ಕರೆಸಲು ನಾವು ಬಸ್ ಚಾರ್ಜು ಕೊಟ್ಟೆವು. ದಾನಿಗಳ ಹಣ ಹೋಗಬೇಕಾದದ್ದು ಇಂಥ ಸಂದಿಗೇ. ಆಸ್ಪತ್ರೆ, ಊಟ, ಅಕ್ಕಿ ಸರ್ಕಾರದಿಂದ ಬರಬೇಕು, ಬರುತ್ತದೆ. ಅದಕ್ಕೂ ಜೋಪಡಿಗೂ ನಡುವೆ ಉಳಿಯುವ ನಾಲ್ಕು ಹೆಜ್ಜೆಯೇ ನಮ್ಮ ಪಾಲಿನದು.

5. ಮಗುವಿನ ಮುಖ ನಿಮ್ಮ ವರದಿಗಲ್ಲ

ಹುಟ್ಟುಹಬ್ಬಕ್ಕೆ ಕೇಕ್ ತಂದು ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಫೋಟೊ ತೆಗೆಸಿಕೊಳ್ಳುವವರ ಮನಸ್ಸು ಕೆಟ್ಟದ್ದಲ್ಲ. ಆದರೆ ವಾರಕ್ಕೆರಡು ಸಲ ಹೀಗೆ ನಿಂತ ಮಗು ಕೈ ಚಾಚುವುದನ್ನು ಕಲಿಯುತ್ತದೆ. ಹಾಗೆ ನಿಂತ ತನ್ನ ಮಗನ ಮುಖವನ್ನು ತಂದೆ ಬೇರೆಯವರ ಫೋನಿನಲ್ಲಿ ನೋಡುತ್ತಾನೆ. ರಕ್ಷಣೆ, ಪೋಷಣೆ ಬೇಕಾದ ಮಗುವಿನ ಗುರುತು ಬಯಲಾಗುವಂತೆ ಪ್ರಕಟಿಸುವುದನ್ನು 2015ರ ಬಾಲನ್ಯಾಯ ಕಾಯ್ದೆಯೂ ನಿಷೇಧಿಸುತ್ತದೆ.

ದಾನಿಗಳಿಗೆ ಮೊದಲೇ ಹೇಳಿಬಿಡಿ: ನಮಗೆ ಬೇಕಾದದ್ದು ಕೋಣೆಯ ಬಾಡಿಗೆ, ಇಬ್ಬರು ಹೆಂಗಸರ ಸಂಬಳ, ಆಟೊ ಚಾರ್ಜು, ಜೆರಾಕ್ಸ್ ಖರ್ಚು. ಫೋಟೊಗೆ ಚೆಂದ ಕಾಣದ ಖರ್ಚುಗಳಿವು, ಕೆಲಸ ನಿಂತಿರುವುದು ಇವುಗಳ ಮೇಲೆ.

6. ಊರಿನ ಪಂಚಾಂಗ ಗೊತ್ತಿರಲಿ

ಕಲ್ಯಾಣ ಕರ್ನಾಟಕದ ಹಳ್ಳಿಗಳಲ್ಲಿ ಮೊಹರಂ ಎಲ್ಲರ ಹಬ್ಬ. ಅಲಾಯಿ ಕುಣಿಯಲು ಹಿಂದೂ ಮನೆಗಳವರೂ ಬೆಂಗಳೂರಿನಿಂದ ಊರಿಗೆ ಹೋಗುತ್ತಾರೆ. ಯುಗಾದಿ, ಊರ ಜಾತ್ರೆ, ಬಿತ್ತನೆ, ಚುನಾವಣೆ ಬಂದಾಗಲೂ ಜೋಪಡಿಗಳು ಖಾಲಿ. ಇದನ್ನು ತಿಳಿಯದ ಮೊದಲ ವರ್ಷ, ಮಕ್ಕಳು ಶಾಲೆ ಬಿಟ್ಟೇಬಿಟ್ಟರು ಎಂದು ನಾನು ಅತ್ತಿದ್ದೆ. ಈಗ ಹೊರಡುವ ಮೊದಲೇ ಮಗುವಿನ ಕೈಗೆ ಎರಡು ಪುಸ್ತಕ, ಶಾಲೆಯ ಗುರುತಿನ ಚೀಟಿ ಕೊಟ್ಟು ಕಳಿಸುತ್ತೇವೆ, ಮರಳುವ ದಿನ ಬರೆದಿಟ್ಟುಕೊಂಡು ಫೋನ್ ಮಾಡುತ್ತೇವೆ. ಅಲ್ಲೇ ಉಳಿಯುವುದಾದರೆ ಊರ ಶಾಲೆಯ ಶಿಕ್ಷಕರೊಂದಿಗೆ ಮಾತಾಡುತ್ತೇವೆ. ವರ್ಗಾವಣೆ ಪತ್ರ ತಡವಾಯಿತೆಂದು ಮಗುವನ್ನು ಹೊರಗಿಡುವಂತಿಲ್ಲ ಎಂಬುದೂ ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಇದೆ.

7. ಬಾಗಿಲಿಲ್ಲದ ಮನೆಯಲ್ಲಿ ಹುಡುಗಿ ದೊಡ್ಡವಳಾಗುತ್ತಾಳೆ

ಹದಿಮೂರು ದಾಟಿದ ಮಗಳಿಗೆ ಗಂಡು ಹುಡುಕುವ ತಾಯಿಯನ್ನು ಬೈಯುವ ಮೊದಲು ಅವಳ ಜೋಪಡಿಯನ್ನೊಮ್ಮೆ ನೋಡಿ. ಬಾಗಿಲಿನ ಜಾಗದಲ್ಲಿ ಸೀರೆ. ಬಯಲಿಗೆ ಹೋಗಬೇಕೆಂದರೆ ಕತ್ತಲಾಗಬೇಕು. ಹಗಲೆಲ್ಲ ಮಗಳು ಒಬ್ಬಳೇ. ಮದುವೆ ಅವಳ ಪಾಲಿಗೆ ಒಂದು ಬಾಗಿಲು.

ಕರ್ನಾಟಕ ತಂದ ತಿದ್ದುಪಡಿಯ ಪ್ರಕಾರ ನಮ್ಮ ರಾಜ್ಯದಲ್ಲಿ ಬಾಲ್ಯವಿವಾಹ ಆದ ಗಳಿಗೆಯಿಂದಲೇ ಅಸಿಂಧು. ಅಗತ್ಯ ಬಿದ್ದಾಗ 1098ಕ್ಕೆ ಕರೆ ಮಾಡಲು ಹಿಂಜರಿಯಬೇಡಿ, ನಾವೂ ಮಾಡಿದ್ದೇವೆ. ಆದರೆ ನಮ್ಮ ಕಣ್ಣೆದುರು ಹೆಚ್ಚು ಮದುವೆಗಳನ್ನು ಮುಂದೂಡಿದ್ದು ಎರಡು ಸಂಗತಿಗಳು: ಒಳಗಿನಿಂದ ಚಿಲಕ ಹಾಕಲು ಬರುವ ಶೌಚಾಲಯ, ತಾಯಿ ಬರುವವರೆಗೂ ತೆರೆದಿರುವ ಸಂಜೆಯ ಕೇಂದ್ರ. ಹಾಗಿದ್ದೂ ಒಬ್ಬಳನ್ನು ಬೇಸಿಗೆ ರಜೆಯಲ್ಲಿ ಊರಿಗೆ ಕರೆದೊಯ್ದು ಮದುವೆ ಮಾಡಿಬಿಟ್ಟರು. ಏಳನೇ ತರಗತಿಯ ಅವಳ ನೋಟುಪುಸ್ತಕ ಇಂದಿಗೂ ನಮ್ಮ ಕಪಾಟಿನಲ್ಲಿದೆ. ಅಂದಿನಿಂದ ಏಪ್ರಿಲ್, ಮೇ ತಿಂಗಳಲ್ಲಿ ನಾವು ರಜೆ ಕೊಡುವುದಿಲ್ಲ.

8. ಜೋಪಡಿ ಬೀಳುವ ದಿನಕ್ಕೆ ಇಂದೇ ಸಿದ್ಧರಾಗಿ

2013ರ ಜನವರಿಯಲ್ಲಿ ಈಜಿಪುರದಲ್ಲಿ ಸಾವಿರಕ್ಕೂ ಹೆಚ್ಚು ಕುಟುಂಬಗಳ ಸೂರು ಹೋಯಿತು. 2020ರ ಜನವರಿಯಲ್ಲಿ ಬೆಳ್ಳಂದೂರಿನ ಬಳಿಯ ಕರಿಯಮ್ಮನ ಅಗ್ರಹಾರದಲ್ಲಿ ಜೋಪಡಿಗಳನ್ನು ಕೆಡವಿದಾಗ, ಬೀದಿಗೆ ಬಿದ್ದವರಲ್ಲಿ ಉತ್ತರ ಕರ್ನಾಟಕದ ಕೂಲಿಗಳೂ ಇದ್ದರು. ಎರಡೂ ಕಡೆ ತೆರವು ನಡೆದದ್ದು ಶಾಲೆಗಳು ನಡೆಯುತ್ತಿದ್ದ ತಿಂಗಳಲ್ಲಿ.

ನಮ್ಮ ಆ ಎಪ್ಪತ್ತು ಜೋಪಡಿಗಳ ಸರದಿ ಬಂದದ್ದು 2011ರಲ್ಲಿ. ಒಂದು ಸೋಮವಾರ ಬೆಳಿಗ್ಗೆ ಹೋದಾಗ ನೆಲ ಸಪಾಟಾಗಿತ್ತು. ಒಲೆಯ ಮೂರು ಕಲ್ಲುಗಳು ಅಲ್ಲಲ್ಲಿ ಇದ್ದವು. ಜಾಗದವರು ಶನಿವಾರ ರಾತ್ರಿ ಹೇಳಿದ್ದರಂತೆ. ಭಾನುವಾರ ಲಾರಿ ಬಂದಿತ್ತಂತೆ. ಆ ಹುಡುಗಿ ಆಗ ಐದನೇ ತರಗತಿಯಲ್ಲಿದ್ದಳು, ತಂಗಿ ಅಂಗನವಾಡಿಗೆ ಹೋಗುತ್ತಿದ್ದಳು. ಮೇಸ್ತ್ರಿಯ ಫೋನ್ ಸಂಖ್ಯೆ ಬದಲಾಗಿತ್ತು. ಶಾಲೆಯ ದಾಖಲೆ ಶಾಲೆಯಲ್ಲಿ, ಲಸಿಕೆಯ ಕಾರ್ಡು "ಕಳೆದುಹೋಗದಿರಲಿ" ಎಂದು ನಮ್ಮ ಕಪಾಟಿನಲ್ಲಿ. ತಿಂಗಳುಗಟ್ಟಲೆ ಹುಡುಕಿದೆವು, ಸಿಗಲಿಲ್ಲ. ಅವಳ ಕೈಯಲ್ಲಿ ನಾವು ಕೊಟ್ಟ ಚೀಲವಿತ್ತು. ಆ ಚೀಲದೊಳಗೆ ಮುಂದಿನ ಶಾಲೆಯ ಬಾಗಿಲು ತೆರೆಸುವ ಒಂದೇ ಒಂದು ಕಾಗದವನ್ನೂ ನಾವು ಇಟ್ಟಿರಲಿಲ್ಲ.

ಅಂದಿನಿಂದ ಪ್ರತಿ ಕುಟುಂಬಕ್ಕೂ ಜಿಪ್ ಇರುವ ಒಂದು ಪ್ಲಾಸ್ಟಿಕ್ ಫೈಲು ಕೊಡುತ್ತೇವೆ. ಅದರಲ್ಲಿ ಜನನ ಪ್ರಮಾಣಪತ್ರ, ತಾಯಿ ಕಾರ್ಡು, ಶಾಲೆಯ ದಾಖಲಾತಿಯ ಪ್ರತಿ, ರೇಷನ್ ಕಾರ್ಡು, ಕಟ್ಟಡ ಕಾರ್ಮಿಕರ ಗುರುತಿನ ಚೀಟಿ, ನಮ್ಮ ಫೋನ್ ಸಂಖ್ಯೆ, ಜೊತೆಗೆ 4 ಮತ್ತು 14ನೇ ಸೆಕ್ಷನ್‌ಗಳ ಆ ಹಾಳೆ. ಅಸಲು ಅವರ ಬಳಿ, ನಕಲು ನಮ್ಮ ಬಳಿ. ಅದನ್ನು ಜೋಪಡಿಯಲ್ಲಿ ಎಲ್ಲಿ ತೂಗುಹಾಕಬೇಕೆಂಬುದನ್ನೂ ತಾಯಿಯ ಜೊತೆ ಕೂತು ಗೊತ್ತುಮಾಡುತ್ತೇವೆ. ಮಳೆ ನೀರು ತಾಗಬಾರದು, ಓಡುವಾಗ ಕೈಗೆ ಸಿಗಬೇಕು.

ಹೋದ ವರ್ಷ ಹೊಸಕೋಟೆ ಕಡೆಯಿಂದ ಒಬ್ಬ ತಾಯಿ ಫೋನ್ ಮಾಡಿದಳು. ಇಲ್ಲಿಂದ ಎಬ್ಬಿಸಿ ಹತ್ತು ದಿನವಾಗಿತ್ತು. "ಫೈಲ್ ತೋರಿಸಿದೆ ಅಕ್ಕಾ, ಹೆಸರು ಬರಕೊಂಡ್ರು" ಎಂದಳು. ಬೇರೇನೂ ಕೇಳಲಿಲ್ಲ. ನನ್ನಿಂದ ಅವಳಿಗೆ ಏನೂ ಬೇಕಿರಲಿಲ್ಲ.

ಹೊಸದಾಗಿ ಬರುವವರಿಗೆ ನನ್ನ ಕೋರಿಕೆ ಇಷ್ಟೇ: ನೀವಿಲ್ಲದ ದಿನವೂ ಆ ತಾಯಿ ಒಂದು ಬಾಗಿಲು ತಟ್ಟುವಂತಾಗಬೇಕು. ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಪ್ರತಿ ದಿನದ ಕೆಲಸ ಮಾಡಿ. ಟ್ಯಾಂಕರ್ ಬೆಳಿಗ್ಗೆ ಆರೂವರೆಗೆ ಬರುತ್ತದೆ. ಆ ಹೊತ್ತಿಗೆ ಬಂದರೆ ಎಲ್ಲರೂ ಸಿಗುತ್ತಾರೆ.